ಸಾರೋ ನೀರೋ

ವಿದ್ವಾಂಸರು ಕೂತೆದ್ದ ಹುಲ್ಲನ್ನು ಬಾಚಿ ಹೊರಗೆ ಹಾಕುವುದು ನನ್ನ ಕಸುಬು. ಪ್ಯಾರಿಸಿನಲ್ಲಿ ನದಿಯ ಈ ದಡದ ಪಾಠದ ಮನೆಗಳಿಗೆಲ್ಲ ಹುಲ್ಲು ಹಾಸುವವನು ತೀಬೊ, ಅಂದರೆ ನಾನೇ. ಬೆಂಚು ಹಾಕಿದರೆ ಓದುವ ಹುಡುಗರಿಗೆ ಸೊಕ್ಕು ಬರುತ್ತದಂತೆ, ಅದಕ್ಕೇ ನೆಲದ ಮೇಲೆ ಹುಲ್ಲು. ಸೊಕ್ಕು ಹೇಗೂ ಬಂದಿದೆ. ಗರಿಗರಿಯಾದ ಹುಲ್ಲು ಹಾಸಿಹೋದರೆ ವಾರ ಕಳೆಯುವಷ್ಟರಲ್ಲಿ ಅದರ ತುಂಬ ಕಫ, ಕಚ್ಚಿ ಬಿಸಾಡಿದ ಎಲುಬು, ಕೊಳೆತ ಸೇಬು, ಚಳಿಯಲ್ಲಿ ಎದ್ದು ಹೊರಗೆ ಹೋಗಲು ಸೋಮಾರಿತನ ಮಾಡಿದವರ ಉಚ್ಚೆ. ದೇವರು ಎಂಥವನು ಎಂದು ಬೆಳಗಿನಿಂದ ವಾದ ಮಾಡಿದ ಬಾಯಿಗಳೇ ಅಲ್ಲಿ ಉಗುಳಿರುವುದು. ಆ ನಾತ ನನಗೆ ಎಂದೋ ಒಗ್ಗಿಹೋಯಿತು. ಆದರೆ ಸೂಲಗಿತ್ತಿ ಎರ್ಸಾಂದಳಿಗೆ ಅವರು ಮಾಡಿದ್ದು ಇವತ್ತಿಗೂ ಒಗ್ಗಿಲ್ಲ.

ಎರ್ಸಾಂದ ನಮ್ಮ ಬೀದಿಯವಳು. ದೋಣಿ ನಡೆಸುವವನ ಹೆಂಡತಿಯಾಗಿ ಬಂದಳು, ಗಂಡ ನದಿಯ ಪಾಲಾದ ಮೇಲೆ ಸೂಲಗಿತ್ತಿಯಾದಳು. ಗಿಡ್ಡ ಆಳು, ಅಗಲ ಭುಜ, ಗಂಡಸಿನ ಗಂಟಲು. ನಮ್ಮ ಬೀದಿಯ ಅರ್ಧ ಜನ ಈ ಲೋಕದಲ್ಲಿ ಮೊದಲು ಕೇಳಿದ್ದು ಅವಳ ಬೈಗುಳವನ್ನೇ. ನನ್ನ ಮಕ್ಕಳೂ ಅವಳ ಕೈಯಲ್ಲೇ ಹುಟ್ಟಿದವು. ಅವಳಲ್ಲಿ ಒಂದು ರೋಗವಿತ್ತು. ಸುಳ್ಳು ಬಾಯಿಗೆ ಬರುತ್ತಿರಲಿಲ್ಲ. ಬೇರೆ ಸೂಲಗಿತ್ತಿಯರು ಬಸುರಿಯ ತಲೆ ಸವರಿ, ಇನ್ನೇನು ಆಯಿತು ಮಗಳೇ, ಒಂದು ಚೂರು ತಡೆದುಕೋ ಎನ್ನುತ್ತಾರೆ. ಇವಳು ತೋಳು ಮಡಚಿಕೊಂಡು, "ಇನ್ನೂ ಬೇಕಾದಷ್ಟಿದೆ ಕಣೇ ನೋವು. ಸುಮ್ನೆ ಹಲ್ಲು ಕಚ್ಕೊಂಡು ಯಾಕೆ ಸಾಯ್ತೀಯ, ಅರಚು. ಮಾಡಿದವನಿಗೂ ಕೇಳ್ಲಿ," ಎನ್ನುತ್ತಿದ್ದಳು. ರೊಟ್ಟಿ ಸುಡುವವನ ಹೆಂಡತಿ ಹಡೆದಾಗ, ಮಗು ಯಾರ ಹಾಗಿದೆ ಅಜ್ಜಿ ಎಂದು ಅವನು ಆಸೆಯಿಂದ ಕೇಳಿದ್ದಕ್ಕೆ, "ಮೂಗು ನಿಮ್ಮ ಅಟ್ಟದ ಮೇಲೆ ಬಾಡಿಗೆಗಿರೋ ಹುಡುಗನ್ದು," ಎಂದುಬಿಟ್ಟಳು. ಆಮೇಲೆ ಆ ಮನೆಯಲ್ಲಿ ಪಾತ್ರೆಗಳು ಹಾರಿದವು. ಹೀಗಿದ್ದರೂ ನೋವು ಬಂದಾಗ ಎಲ್ಲರೂ ಅವಳನ್ನೇ ಕರೆಯುತ್ತಿದ್ದರು. ಸುಳ್ಳು ಹೇಳದವಳು ಎಂಬ ಧೈರ್ಯ ಆ ಹೊತ್ತಿಗೆ ದೊಡ್ಡದು.

ಆ ವರ್ಷ ಕ್ರಿಸ್ಮಸ್ಸಿಗೆ ಮುಂಚೆ ಬಿದ್ದ ಚಳಿ ಹಿಂದೆಂದೂ ಬಿದ್ದಿರಲಿಲ್ಲ. ಬೀದಿಯ ಬಾವಿ ಕಲ್ಲಾಗಿತ್ತು. ಪುಸ್ತಕ ಬರೆಯುವ ಚರ್ಮ ಹದ ಮಾಡುವ ಗಾರ್ನಿಯೆಯ ಹೆಂಡತಿ ಮಾರೋಟಳಿಗೆ ಬೆಳಗಿನ ಜಾವ ನೋವು ಶುರುವಾಯಿತು. ಮದುವೆಯಾಗಿ ಎಷ್ಟೋ ವರ್ಷಕ್ಕೆ ನಿಂತ ಮೊದಲ ಬಸಿರು ಅದು. ಮನೆಯಲ್ಲಿದ್ದ ಬಿಸಿನೀರೆಲ್ಲ ಮಾರೋಟಳನ್ನು ಒರೆಸಿ ರಕ್ತವಾಗಿತ್ತು. ಮಂಜುಗಡ್ಡೆ ಒಡೆದು ತರುತ್ತೇನೆಂದು ಗಾರ್ನಿಯೆ ಕೊಡಲಿ ಹಿಡಿದು ಬಾವಿಗೆ ಓಡಿದ. ಅಷ್ಟರಲ್ಲಿ ಮಗು ಬಂತು, ಗಂಡು, ನೀಲಿಗಟ್ಟಿತ್ತು. ಎರಡುಸಿರು ಎಳೆದು ಮೂರನೆಯದಕ್ಕೆ ಒದ್ದಾಡಿತು.

ದೀಕ್ಷಾಸ್ನಾನವಿಲ್ಲದೆ ಸತ್ತ ಕೂಸಿಗೆ ಸ್ವರ್ಗವಿಲ್ಲ, ಚರ್ಚಿನ ಅಂಗಳದಲ್ಲಿ ಮಣ್ಣೂ ಇಲ್ಲ. ಇದು ನಮ್ಮಲ್ಲಿ ಮಾತು ಬಾರದ ಮಕ್ಕಳಿಗೂ ಗೊತ್ತು. ಪಾದ್ರಿ ಬರುವಷ್ಟು ಪುರುಸೊತ್ತಿಲ್ಲದಾಗ ಸೂಲಗಿತ್ತಿಯೇ ತಲೆಯ ಮೇಲೆ ನೀರು ಹಾಕಿ ಮಂತ್ರ ಹೇಳಬಹುದು. ಎರ್ಸಾಂದ ಸುತ್ತ ನೋಡಿದಳು. ಒಲೆಯ ಮೇಲೆ ಬಾಣಂತಿಗೆಂದು ಇಟ್ಟ ಸಾರಿನ ಪಾತ್ರೆ ಇತ್ತು. ಒಂದು ಎಲುಬು, ಒಂದಷ್ಟು ಈರುಳ್ಳಿ ಸೊಪ್ಪು, ಬೆಚ್ಚಗಿನ ನೀರು. ಅದನ್ನೇ ಬೊಗಸೆಯಲ್ಲಿ ಎತ್ತಿ ಮಗುವಿನ ನೆತ್ತಿಗೆ ಸುರಿದು, ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ ನಿನಗೆ ದೀಕ್ಷೆ ಕೊಡುತ್ತೇನೆ ಎಂದಳು. ಮಾತು ಮುಗಿಯುವವರೆಗೆ ಮಗು ಬದುಕಿತ್ತು. ಆಮೇಲೆ ಸತ್ತಿತು.

ಮಾರೋಟ ಅದನ್ನು ಕಣ್ಣಾರೆ ಕಂಡಳು. ಕಂಡದ್ದರಿಂದಲೇ ಅವಳು ಬದುಕಿಕೊಂಡಳು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಮಗು ದೇವರ ಹತ್ತಿರ ಹೋಯಿತಲ್ಲ ಎಂದು ಅತ್ತಳು, ಎರ್ಸಾಂದ ಗದರಿಸಿ ಪಾತ್ರೆಯಲ್ಲಿ ಉಳಿದಿದ್ದ ಸಾರನ್ನು ಅವಳಿಗೆ ಕುಡಿಸಿದಳು.

ಮಧ್ಯಾಹ್ನ ನಮ್ಮ ಬೀದಿಯ ಪಾದ್ರಿ ಫುಲ್ಕೊ ಸ್ವಾಮಿಗಳು ಬಂದರು. ಕೆಟ್ಟವರಲ್ಲ. ಅವರ ತೊಂದರೆಯೆಂದರೆ ಬಿಷಪ್ಪರ ಭಯ, ಮೇಸ್ಟ್ರುಗಳ ಭಯ, ತಮ್ಮ ನೆರಳಿನ ಭಯ. ಸೂಲಗಿತ್ತಿ ಕೊಟ್ಟ ದೀಕ್ಷೆಯಾದರೆ ವಿಚಾರಿಸಿಯೇ ಹೂಳಬೇಕೆಂಬುದು ಕಟ್ಟಳೆ. ಬಾಗಿಲಲ್ಲಿ ನಿಂತೇ ವಿಚಾರಿಸಿದರು. ನಾನು ಸಣ್ಣ ಪೆಟ್ಟಿಗೆ ಹಿಡಿದು ಪಕ್ಕದಲ್ಲಿದ್ದೆ.

"ಮಾತು ಸರಿಯಾಗಿ ಹೇಳಿದ್ಯೇನಮ್ಮ?"

"ಹೇಳಿದೆ ಸ್ವಾಮಿ."

"ಜೀವ ಇತ್ತಾ?"

"ಇತ್ತು."

"ನೀರು ಎಲ್ಲೀದು?"

ನೀರು ಎಂದೇ ಕೇಳಿದರು ಪುಣ್ಯಾತ್ಮ. ಬಾವಿಯದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಎರ್ಸಾಂದ ನೆಟ್ಟಗೆ ಅವರ ಮುಖ ನೋಡಿ, "ಸಾರಿನ ಪಾತ್ರೇದು," ಎಂದಳು.

ಫುಲ್ಕೊ ಸ್ವಾಮಿಗಳ ಮುಖ ಸುಣ್ಣವಾಯಿತು. "ಸಾರಾ? ನೀರಾ?"

"ನೀರಿಗೆ ಎಲುಬು ಹಾಕಿತ್ತು, ಸೊಪ್ಪು ಹಾಕಿತ್ತು. ನೀವು ಏನಂತ ಕರೀತೀರೋ ಕರೀರಿ."

"ಉಳಿದಿದ್ದು ಎಲ್ಲಿ?"

"ಬಾಣಂತಿಗೆ ಕುಡಿಸಿದೆ."

ಸ್ವಾಮಿಗಳು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. ಇದು ತಮ್ಮಂಥವರ ಕೈಗೆ ನಿಲುಕುವ ವಿಷಯವಲ್ಲ, ದೊಡ್ಡವರು ಹೇಳಲಿ ಎಂದರು. ಅಲ್ಲಿಯವರೆಗೆ ಪೆಟ್ಟಿಗೆಯನ್ನು ಚರ್ಚಿನ ಅಂಗಳದ ಗೋಡೆಯ ಹೊರಗೆ, ಹಿಮದ ಕೆಳಗೆ ಇಡಿ ಎಂದರು. ಇಟ್ಟೆವು. ದೇವರ ಶಾಸ್ತ್ರದ ಮನೆಯಲ್ಲಿ ಕ್ರಿಸ್ಮಸ್ಸಿಗೆ ಮುಂಚೆ ಒಮ್ಮೆ, ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಒಮ್ಮೆ ಬಾಗಿಲು ತೆರೆದ ವಾದ ನಡೆಯುತ್ತದೆ. ಅಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಕೇಳಬಹುದು, ಮೇಸ್ಟ್ರು ಉತ್ತರ ಕೊಡಲೇಬೇಕು. ಫುಲ್ಕೊ ಸ್ವಾಮಿಗಳು ಆ ವಾರವೇ ಅಲ್ಲಿಗೆ ಪ್ರಶ್ನೆ ಒಪ್ಪಿಸಿದರು. ಅಷ್ಟು ದೂರ ಹೋಗುವ ಬದಲು ಸುಮ್ಮನೆ ಕಣ್ಣು ಮುಚ್ಚಿಕೊಂಡಿದ್ದರೆ ಯಾರ ಗಂಟು ಹೋಗುತ್ತಿತ್ತು?

ವಾದದ ದಿನ ಹೊಸ ಹುಲ್ಲು ಹಾಸಿ ಬಾಗಿಲ ಹತ್ತಿರ ನಿಂತೆ. ಗಾರ್ನಿಯೆಯೂ ಬಂದ. ಟೊಪ್ಪಿ ತೆಗೆದು ಎದೆಗೊತ್ತಿಕೊಂಡಿದ್ದ. ಅವನಿಗೆ ಲ್ಯಾಟಿನ್ ಬಾರದು. ನನಗೆ ಹುಲ್ಲು ಹಾಸಿ ಹಾಸಿ ಅರ್ಧಂಬರ್ಧ ತಲೆಗೆ ಹತ್ತುತ್ತದೆ. ಹತ್ತದೇ ಇದ್ದಿದ್ದರೆ ಚೆನ್ನಾಗಿತ್ತು.

ಆ ಮನೆಯಲ್ಲಿ ಎರಡು ಪಂಗಡ. ಒಂದಕ್ಕೆ ಹಳೆಯ ಕಾಲದ ಒಬ್ಬ ಗ್ರೀಕ್ ಜ್ಞಾನಿಯ ಪುಸ್ತಕವೇ ತಾಯಿ ತಂದೆ. ದೇವರು ಬುದ್ಧಿ ಕೊಟ್ಟಿರುವುದು ಬಳಸುವುದಕ್ಕೆ, ಯಾವ ವಸ್ತು ಏನು ಎಂಬುದನ್ನು ಬುದ್ಧಿಯೇ ಹೇಳಬೇಕು ಎನ್ನುತ್ತಾರೆ. ಇನ್ನೊಂದು, ಬುದ್ಧಿ ಅಡುಗೆಮನೆಯ ಆಳು, ನಂಬಿಕೆಯೇ ಯಜಮಾನಿ ಎನ್ನುತ್ತದೆ. ಇಬ್ಬರೂ ಒಂದೇ ಅಂಗಡಿಯಲ್ಲಿ ವೈನು ಕುಡಿಯುವುದಿಲ್ಲ, ಬೀದಿಯಲ್ಲಿ ಎದುರಾದರೆ ಕಲ್ಲು ತೂರುತ್ತಾರೆ. ನಡುವೆ ಎತ್ತರದ ಪೀಠದಲ್ಲಿ ಎವ್ರಾರ್ ಮೇಸ್ಟ್ರು. ತೆಳ್ಳಗೆ, ಬೆಳ್ಳಗೆ, ಮೆಲುಮಾತಿನ ಮನುಷ್ಯ.

ಪ್ರಶ್ನೆ ಓದಿದರು. ಮಗುವಿನ ಹೆಸರಿಲ್ಲ, ಮಾರೋಟಳ ಹೆಸರಿಲ್ಲ. ಸಾರಿನಲ್ಲಿ ಕೊಟ್ಟ ದೀಕ್ಷೆ ದೀಕ್ಷೆಯೋ ಅಲ್ಲವೋ, ಇಷ್ಟೇ. ಓದಿ ಮುಗಿಸುವ ಮೊದಲೇ ಹಿಂದಿನ ಸಾಲುಗಳಲ್ಲಿ ಕಿಸಕಿಸ ಶುರುವಾಯಿತು.

ಗ್ರೀಕನ ಕಡೆಯ ಒಬ್ಬ ಎದ್ದ. ನೀರಿಗೆ ರುಚಿಯಿಲ್ಲ, ಬಣ್ಣವಿಲ್ಲ. ಸಾರಿಗೆ ಎರಡೂ ಇದೆ. ಗುಣ ಬದಲಾದರೆ ಸಾಲದು, ಸ್ವಭಾವ ಬದಲಾಗಿದೆಯೇ ನೋಡಬೇಕು ಎಂದ. ನಂಬಿಕೆಯ ಕಡೆಯವನು ಎದ್ದು, ಹಾಗಾದರೆ ನಮ್ಮ ಸೇನ್ ನದಿಯಲ್ಲಿ ಕಟುಕರ ರಕ್ತವಿದೆ, ಚರ್ಮದವರ ಕೊಳಚೆಯಿದೆ, ಅದರಲ್ಲಿ ಕೊಟ್ಟ ದೀಕ್ಷೆ ಸಲ್ಲುತ್ತದೆ, ಈರುಳ್ಳಿ ಸೊಪ್ಪು ಏನು ಪಾಪ ಮಾಡಿತು ಎಂದ. ಆ ಒಂದು ಕ್ಷಣ ನನಗೆ ಅವನ ಬಾಯಿಗೆ ಸಕ್ಕರೆ ಹಾಕಬೇಕೆನಿಸಿತು. ಆದರೆ ಅವನು ಮಗುವಿಗಾಗಿ ಮಾತಾಡುತ್ತಿರಲಿಲ್ಲ. ಎದುರಿನವನನ್ನು ಕೆಡವುವುದಕ್ಕೆ ಮಾತಾಡುತ್ತಿದ್ದ. ಎದುರಿನವನು ಸುಮ್ಮನಿರುತ್ತಾನೆಯೇ? ಸೊಪ್ಪು ಸರಿ, ಉಪ್ಪು ಹಾಕಿದ್ದರೆ? ಕೊಬ್ಬು ತೇಲುತ್ತಿದ್ದರೆ? ಮಾಂಸ ತಿನ್ನಬಾರದ ಶುಕ್ರವಾರವಾಗಿದ್ದರೆ ಮಾಂಸದ ದೀಕ್ಷೆಯಿಂದ ಉಪವಾಸ ಕೆಡುತ್ತದೆಯೇ? ಮನೆ ಬಿರಿಯುವ ಹಾಗೆ ನಕ್ಕರು. ಇನ್ನೊಬ್ಬ, ಹೊರಗೆ ರಾಶಿ ಹಿಮ ಬಿದ್ದಿರುವಾಗ ಆ ಮುದುಕಿಗೆ ಕಂಡದ್ದು ಸಾರೇ ಏಕೆ, ಬಹುಶಃ ಹಸಿವಾಗಿತ್ತೇನೋ ಎಂದ. ನಗು ಮತ್ತೆ.

ಗಾರ್ನಿಯೆ ನನ್ನ ತೋಳು ಹಿಡಿದ. "ತೀಬೊ, ಯಾಕೋ ನಗ್ತಿದಾರೆ? ಒಳ್ಳೇ ಸುದ್ದೀನಾ?"

ಏನು ಹೇಳಲಿ ಅವನಿಗೆ? "ಬೇರೆ ಪ್ರಶ್ನೆಗೆ ನಗ್ತಿದಾರೆ ಕಣೋ. ನಿಂದಿನ್ನೂ ಬಂದಿಲ್ಲ," ಎಂದೆ. ಅವನು ಟೊಪ್ಪಿಯನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡು ತನ್ನ ಪ್ರಶ್ನೆ ಬರಲಿ ಎಂದು ಸಂಜೆಯವರೆಗೂ ಕಾದ.

ಮೊದಲ ದಿನ ವಾದ ಮಾತ್ರ. ತೀರ್ಮಾನವನ್ನು ಮೇಸ್ಟ್ರು ಕೆಲವು ದಿನ ಬಿಟ್ಟು ಕೊಡುತ್ತಾರೆ. ಆ ದಿನಗಳಲ್ಲಿ ಮಾರೋಟ ಹಾಸಿಗೆಯಿಂದ ಕೇಳುತ್ತಲೇ ಇದ್ದಳಂತೆ, ಪೆಟ್ಟಿಗೆ ಒಳಗೆ ಹೋಯಿತಾ ಎಂದು. ನೆಲ ಗಟ್ಟಿಯಾಗಿದೆ, ಮೆತ್ತಗಾಗಲಿ ಎಂದು ಗಾರ್ನಿಯೆ ಹೇಳುತ್ತಿದ್ದ.

ತೀರ್ಮಾನದ ದಿನ ಎವ್ರಾರ್ ಮೇಸ್ಟ್ರು ಬಹಳ ಚೆನ್ನಾಗಿ ಮಾತಾಡಿದರು. ಎಲ್ಲರೂ ಹಾಗೆಂದರು. ತೆಳು ಸಾರಾದರೆ ನೀರಿನ ಸ್ವಭಾವ ಉಳಿದಿರುತ್ತದೆ, ದೀಕ್ಷೆ ಸಲ್ಲುತ್ತದೆ. ಗಟ್ಟಿ ಸಾರಾದರೆ ನೀರು ಸತ್ತು ಸಾರು ಹುಟ್ಟಿರುತ್ತದೆ, ಸಲ್ಲದು. ಇದು ತೆಳುವೋ ಗಟ್ಟಿಯೋ? ನೋಡೋಣವೆಂದರೆ ಸಾರಿಲ್ಲ. ಆದರೆ ಒಂದು ಗುರುತಿದೆ. ಯಾವ ವಸ್ತುವನ್ನು ಯಾವುದಕ್ಕೆ ಬಳಸುತ್ತಾರೋ ಅದರಿಂದ ಅದರ ಸ್ವಭಾವ ತಿಳಿಯುತ್ತದೆ ಎಂದು ಗ್ರೀಕ್ ಜ್ಞಾನಿ ಹೇಳಿದ್ದಾನೆ. ಉಳಿದದ್ದನ್ನು ಸೂಲಗಿತ್ತಿ ತಾಯಿಗೆ ಕುಡಿಸಿದಳು. ದಾಹಕ್ಕಲ್ಲ, ಶಕ್ತಿ ಬರಲೆಂದು. ಹಾಗಾಗಿ ಅದು ಆಹಾರ. ಆಹಾರವಾದ್ದರಿಂದ ಸಾರು. ಸಾರಾದ್ದರಿಂದ ದೀಕ್ಷೆಯಲ್ಲ. ಬುದ್ಧಿ ಹೀಗೆ ಹೇಳಿದರೆ, ನೀರಿನಿಂದ ಮಾತ್ರ ಹೊಸ ಹುಟ್ಟು ಎಂದು ನಂಬಿಕೆಯೂ ಹೇಳುತ್ತದೆ. ಬುದ್ಧಿ ಮತ್ತು ನಂಬಿಕೆಯ ನಡುವೆ ಜಗಳವಿದೆ ಎನ್ನುವವರು ಇದನ್ನು ನೋಡಿ ಕಲಿಯಲಿ ಎಂದು ಮುಗಿಸಿದರು.

ಎರಡೂ ಕಡೆಯವರು ಎದ್ದು ಕಾಲು ನೆಲಕ್ಕೆ ಬಡಿದು ಭೇಷ್ ಎಂದರು. ವರ್ಷವಿಡೀ ಕಲ್ಲು ತೂರಿಕೊಳ್ಳುವವರು ಅಂದು ಹೆಗಲ ಮೇಲೆ ಕೈ ಹಾಕಿಕೊಂಡರು. ಇಷ್ಟು ವರ್ಷದ ಬುದ್ಧಿ ನಂಬಿಕೆಯ ವ್ಯಾಜ್ಯದಲ್ಲಿ ಅವರು ಒಪ್ಪಿದ ಒಂದೇ ಒಂದು ಸಂಗತಿ ಒಂದು ಕೂಸನ್ನು ಹೊರಗಿಡುವುದು. ಮುಂದಿನ ಸಾಲಿನವರೆಲ್ಲ ಚರ್ಮದ ಮೇಲೆ ಅದನ್ನು ಬರೆದುಕೊಳ್ಳುತ್ತಿದ್ದರು. ಗಾರ್ನಿಯೆ ಹದ ಮಾಡಿದ ಚರ್ಮವೇ ಇರಬೇಕು, ನಮ್ಮ ಬೀದಿಯಲ್ಲಿ ಒಳ್ಳೆಯ ಚರ್ಮ ಅವನದೇ.

ಹೊರಗೆ ಬಂದಾಗ ಗಾರ್ನಿಯೆ ಮೇಸ್ಟ್ರ ದಾರಿಗೆ ಅಡ್ಡ ಬಂದು ಮಂಡಿಯೂರಿದ. ತೀರ್ಮಾನ ಏನೆಂದು ಫುಲ್ಕೊ ಸ್ವಾಮಿಗಳು ಆಗಲೇ ಅವನ ಕಿವಿಯಲ್ಲಿ ಹೇಳಿದ್ದರು. ಮೇಸ್ಟ್ರು ಅವನನ್ನು ಎಬ್ಬಿಸಿ, ನಮ್ಮ ಮಾತಿನಲ್ಲೇ ಸಮಾಧಾನ ಹೇಳಿದರು. "ಅಳಬೇಡಪ್ಪ. ಅಂಥ ಕೂಸುಗಳು ಇರೋ ಜಾಗದಲ್ಲಿ ಬೆಂಕಿಯಿಲ್ಲ, ನೋವಿಲ್ಲ. ನರಕದ ಅಂಚಷ್ಟೇ. ದೇವರ ಮುಖ ಕಾಣಲ್ಲ, ಅಷ್ಟೇ."

ಗಾರ್ನಿಯೆ ಕಣ್ಣೊರೆಸಿಕೊಂಡು ಕೇಳಿದ. "ಅಲ್ಲಿ ಅದನ್ನ ಎತ್ಕೊಳ್ಳೋರು ಯಾರು ಸ್ವಾಮಿ? ಎಳೇ ಕೂಸು. ಕತ್ತು ನಿಲ್ಲಲ್ಲ."

ಮೇಸ್ಟ್ರು ನಿಂತರು. ಹುಬ್ಬು ಗಂಟಿಕ್ಕಿ ನಿಜವಾಗಿಯೂ ಯೋಚಿಸಿದರು. ಆಮೇಲೆ ಮುಖ ಅರಳಿತು. "ಒಳ್ಳೇ ಪ್ರಶ್ನೆ ಕಣಪ್ಪ ಇದು. ಇದನ್ನ ಯಾರೂ ಕೇಳಿಲ್ಲ. ತಪಸ್ಸುಕಾಲದ ವಾದದಲ್ಲಿ ಕೇಳಿಸು," ಎಂದು ಅವನ ಬೆನ್ನು ತಟ್ಟಿ ಊಟಕ್ಕೆ ಹೋದರು.

ಪೆಟ್ಟಿಗೆ ಗೋಡೆಯ ಹೊರಗೇ ಉಳಿಯಿತು. ನಾನೇ ಅಲ್ಲಿ ಗುಂಡಿ ತೋಡಿದೆ, ಗಾರ್ನಿಯೆ ಗುರುತಿಗೊಂದು ಬಿಳಿಯ ಕಲ್ಲು ಇಟ್ಟ. ತಿಳಿಯದೆ ತಪ್ಪು ಮಾಡಿದ್ದಕ್ಕೆ ಎರ್ಸಾಂದಳಿಗೆ ಶಿಕ್ಷೆ ಆಯಿತು. ಭಾನುವಾರಗಳಂದು ಖಾಲಿ ಸಾರಿನ ಪಾತ್ರೆ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಚರ್ಚಿನ ಬಾಗಿಲಲ್ಲಿ ನಿಲ್ಲಬೇಕು. ಓದುವ ಪುಂಡರು ಹೋಗುತ್ತ ಬರುತ್ತ, "ಅಜ್ಜೀ, ಇವತ್ತು ಸಾರಿಗೆ ಏನು ಹಾಕಿದ್ಯೇ? ಒಂದು ಸೌಟು ಸ್ವರ್ಗ ಬಡಿಸೇ," ಎಂದು ಪಾತ್ರೆಯೊಳಗೆ ಉಗುಳುತ್ತಿದ್ದರು. ಅವಳು ಬೈಯಲಿಲ್ಲ. ಅವಳು ಬೈಯದ್ದನ್ನು ನಾನು ಕಂಡದ್ದು ಅದೇ ಮೊದಲು.

ಒಮ್ಮೆ ನಾನು ರೇಗಿ ಕೇಳಿದೆ. "ಹೊರಗೆ ಹಿಮ ಇತ್ತಲ್ಲೇ ಎರ್ಸಾಂದ, ಒಂದು ಹಿಡಿ ತರಬಾರದಿತ್ತಾ?"

"ಮಗು ಎರಡುಸಿರು ಎಳೀತು. ನಾನು ಬಾಗಿಲು ತೆಗ್ಯೋಕೆ ಹೋಗಲಾ, ಅದರ ತಲೆ ಹಿಡಿಯಲಾ? ಕೂತ್ಕೊಂಡು ಕೇಳೋರಿಗೆ ಎಲ್ಲಾ ಗೊತ್ತು, ಹೋಗೋ."

ಎಲ್ಲಕ್ಕಿಂತ ಅಸಹ್ಯವಾದದ್ದು ಮಾರೋಟಳ ಗತಿ. ಯಾರೋ ನಾಲಿಗೆ ತಡೆಯದವರು ತೀರ್ಮಾನವನ್ನು ಕಾರಣದ ಸಮೇತ ಅವಳಿಗೆ ಹೇಳಿಬಿಟ್ಟರು. "ನಾನು ಕುಡಿದಿದ್ದಕ್ಕಾ? ನಾನು ಕುಡೀದೇ ಇದ್ದಿದ್ರೆ ಅದು ನೀರಾಗಿರ್ತಿತ್ತಾ?" ಎಂದು ಕೇಳಿದಳಂತೆ. ಆಮೇಲೆ ಅವಳು ಒಣ ರೊಟ್ಟಿಯ ಮೇಲೇ ಬದುಕಿದಳು. ಒಲೆಯ ಮೇಲೆ ಬೆಂದದ್ದು ಏನನ್ನೂ ಬಾಯಿಗಿಡಲಿಲ್ಲ. ತಾಯಿಯ ಗುಟುಕಿನಿಂದ ಮಗುವನ್ನು ಸ್ವರ್ಗದಿಂದ ಹೊರಗೆ ಹಾಕಿದ ಆ ಬುದ್ಧಿಯನ್ನು ಯಾವ ಹುಲ್ಲಿನಲ್ಲಿ ಒರೆಸಲಿ ನಾನು?

ಮಾರನೆಯ ಚಳಿಗಾಲದಲ್ಲಿ ಹಗ್ಗ ಹೊಸೆಯುವವನ ಹೆಂಡತಿಗೆ ಹೀಗೇ ಆಯಿತು. ಬಾವಿ ಮತ್ತೆ ಕಲ್ಲಾಗಿತ್ತು, ಮಗು ಬಂದ ಉಸಿರಿಗೇ ಹೋಯಿತು. ಅದೇ ಫುಲ್ಕೊ ಸ್ವಾಮಿಗಳು ಬಾಗಿಲಲ್ಲಿ ನಿಂತು ಎರ್ಸಾಂದಳನ್ನು ಕೇಳಿದರು.

"ನೀರು ಎಲ್ಲೀದಮ್ಮ?"

"ಬಾವೀದು."

ಸ್ವಾಮಿಗಳೂ ಅದೇ ಬಾವಿಯ ನೀರು ಕುಡಿಯುವವರು. ಅಂದು ಬೆಳಿಗ್ಗೆ ಕರಗಿಸಿಕೊಳ್ಳಲು ನಮ್ಮ ಅಂಗಳದಿಂದ ಹಿಮ ತುಂಬಿಕೊಂಡು ಹೋದದ್ದನ್ನು ನಾನೇ ನೋಡಿದ್ದೆ. ಅವರು ಎರ್ಸಾಂದಳ ಮುಖ ನೋಡಲಿಲ್ಲ. ಒಲೆಯ ಕಡೆಯೂ ನೋಡಲಿಲ್ಲ. ತಮ್ಮ ಪಾದ ನೋಡಿಕೊಂಡು, "ಹಾಗಾದ್ರೆ ಒಳಗೆ ಹೂಳಿ," ಎಂದು ಬೇಗಬೇಗ ಹೊರಟರು. ಹೂಳಿದೆವು. ಹಗ್ಗದವನ ಹೆಂಡತಿ ಎರ್ಸಾಂದಳ ಕೈಗೆ ಮುತ್ತಿಟ್ಟಳು.

ಮಣ್ಣಿಗೆ ಬಂದ ಹೆಂಗಸರ ನಡುವೆ ಮಾರೋಟಳೂ ಇದ್ದಳು. ಎಲ್ಲರೂ ಹೋಗುವವರೆಗೆ ಕಾದು ಗೇಟಿನ ಹತ್ತಿರ ಎರ್ಸಾಂದಳನ್ನು ತಡೆದಳು. ಗುದ್ದಲಿ ತೊಳೆಯುತ್ತಿದ್ದ ನನ್ನನ್ನು ಇಬ್ಬರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಅಜ್ಜಿ, ಬಾವಿ ಹೆಪ್ಪುಗಟ್ಟಿದೆ."

"ಹೂಂ."

"ಇವಳ ಮಗೂಗೆ ಸುಳ್ಳು ಹೇಳೋಕೆ ಬಂತು ನಿಂಗೆ. ನನ್ನ ಮಗೂಗೆ ಮಾತ್ರ ನಿಜಾನೇ ಹೇಳ್ಬೇಕಿತ್ತಾ?"

ಎರ್ಸಾಂದ ಗೋಡೆಯಾಚೆಗಿದ್ದ ಬಿಳಿಯ ಕಲ್ಲಿನ ಕಡೆ ತಿರುಗಿದಳು. ಮಾರೋಟ ಹೊರಟುಹೋದಳು. ಅಂದಿನಿಂದ ಅವಳು ಎರ್ಸಾಂದಳ ಜೊತೆ ಮಾತು ಬಿಟ್ಟಳು.

ಎರ್ಸಾಂದ ಹೆರಿಗೆಗೆ ಹೋಗುವುದನ್ನು ನಿಲ್ಲಿಸಲಿಲ್ಲ. ಆದರೆ ಮಾತು ಬದಲಾಯಿತು. ಇನ್ನೇನು ಆಯಿತು ಮಗಳೇ, ಒಂದು ಚೂರು ತಡೆದುಕೋ ಎಂದು ಅವಳೂ ತಲೆ ಸವರತೊಡಗಿದಳು. ಮಗು ನಿಮ್ಮ ಹಾಗೇ ಇದೆ ಎಂದು ಎಲ್ಲ ಗಂಡಂದಿರಿಗೂ ಹೇಳತೊಡಗಿದಳು. ಫುಲ್ಕೊ ಸ್ವಾಮಿಗಳು ಕೇಳಿದಾಗಲೆಲ್ಲ ಬಾವಿ ನೀರು ಎಂದಳು, ಅವರು ಪಾದ ನೋಡಿಕೊಂಡರು. ಜನ ಅವಳು ಮೆತ್ತಗಾದಳು ಎಂದು ಸಂತೋಷಪಟ್ಟರು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಒಬ್ಬ ನೆಟ್ಟಗಿನ ಹೆಂಗಸನ್ನು ಮುರಿದುಹಾಕಿದ್ದರು, ಮುರಿದವರಿಗೆ ಅವಳ ಹೆಸರೂ ಗೊತ್ತಿರಲಿಲ್ಲ.

ವಯಸ್ಸಾಗಿ ಕೆಮ್ಮು ಎದೆಗಿಳಿದು ಎರ್ಸಾಂದ ಮಲಗಿದಾಗ ಫುಲ್ಕೊ ಸ್ವಾಮಿಗಳು ಮಂತ್ರಿಸಿದ ಎಣ್ಣೆ, ಪ್ರಸಾದದ ರೊಟ್ಟಿ ಹಿಡಿದು ಬಂದರು. ಪಾಪ ಒಪ್ಪಿಕೋ, ಕೊನೆಯ ಪ್ರಸಾದ ತೆಗೆದುಕೋ ಎಂದರು. ಅವಳು ಬೇಡ ಎಂದಳು. ಅವರು ಬೇಡಿಕೊಂಡರು, ಅತ್ತರು ಕೂಡ. ಬೇಡವೆಂದರೆ ಬೇಡ. ಅವರು ಹೋದ ಮೇಲೆ ನಾನು ಹಾಸಿಗೆಯ ಹತ್ತಿರ ಕೂತೆ.

"ಹುಚ್ಚು ಹಿಡಿದಿದ್ಯೇನೆ? ಹೀಗೆ ಸತ್ರೆ ಒಳಗೆ ಜಾಗ ಕೊಡಲ್ಲ. ಗೋಡೆ ಹೊರಗೇ ಹಾಕ್ತಾರೆ."

"ಗೊತ್ತು."

"ಗೊತ್ತಿದ್ದೂ?"

"ಗಾರ್ನಿಯೆ ಕೇಳಿದ್ನಲ್ಲ, ಅಲ್ಲಿ ಮಗೂನ ಎತ್ಕೊಳ್ಳೋರು ಯಾರು ಅಂತ. ಆ ಮೇಸ್ಟ್ರು ಇನ್ನೂ ಯೋಚ್ನೆ ಮಾಡ್ತಾ ಇರ್ಲಿ."

"ಅದು ಇರೋ ಜಾಗ ಬೇರೆ, ನೀನು ಹೋಗೋ ಜಾಗ ಬೇರೆ ಕಣೇ. ನೀನು ಹೋಗೋದು ಬೆಂಕಿಗೆ."

"ನರಕದ ಅಂಚು ಅಂತ ಅವರೇ ಹೇಳಿದ್ದಲ್ವಾ? ಪಕ್ಕದಲ್ಲೇ ಇರತ್ತೆ. ಈ ಕಡೆಯಿಂದ ಕೈ ಚಾಚ್ತೀನಿ." ಕೆಮ್ಮು ನಿಂತ ಮೇಲೆ ಸೇರಿಸಿದಳು, "ನನ್ನ ಕೈ ಉದ್ದ. ಎಷ್ಟೋ ಮಕ್ಕಳನ್ನ ಎಳ್ದಿದೀನಿ."

ಅದು ನಿಜವೋ, ಅವಳು ಕಲಿತುಕೊಂಡ ಸುಳ್ಳೋ, ನನಗೆ ತಿಳಿಯಲಿಲ್ಲ. ಎರಡು ದಿನಕ್ಕೆ ಹೋದಳು. ಅವಳ ಕೈಯಲ್ಲಿ ಹುಟ್ಟಿದವರು ಬೀದಿ ತುಂಬ ಇದ್ದರು, ಆದರೆ ಗೋಡೆಯ ಹೊರಗೆ ಹೂಳುವ ಹೆಣದ ಹಿಂದೆ ಬರಲು ಎಲ್ಲರಿಗೂ ಹೆದರಿಕೆ. ನಾನೊಬ್ಬನೇ ಗುದ್ದಲಿ ಹಿಡಿದು ಬೇಲಿಯ ಹತ್ತಿರ ಅಗೆಯತೊಡಗಿದೆ.

ಮಾರೋಟ ಬಂದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಬಟ್ಟೆ ಸುತ್ತಿದ ಎರ್ಸಾಂದಳನ್ನು ನೋಡಿದಳು, ನಾನು ತೋಡುತ್ತಿದ್ದ ಗುಂಡಿ ನೋಡಿದಳು. ಆಮೇಲೆ ತನ್ನ ಮಗುವಿನ ಗುರುತಿಗಿಟ್ಟ ಆ ಬಿಳಿಯ ಕಲ್ಲಿನ ಹತ್ತಿರ ಹೋಗಿ, ಅದರ ಪಕ್ಕದ ನೆಲವನ್ನು ಕಾಲಿನಿಂದ ಗುರುತು ಮಾಡಿದಳು.

"ಅಲ್ಲಿ ಬೇಡ ತೀಬೊ," ಎಂದಳು. "ಇನ್ನೂ ಹತ್ರ ತೋಡು."